ಉಸಿರಿಗೂ ಹಾಜರಿ ಪುಸ್ತಕವೇ?

ಇವತ್ತು ಬೆಳಿಗ್ಗೆ ನಮ್ಮ ಸಂಸ್ಥೆಯಲ್ಲಿ ಸಂಶೋಧಕರನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಧ್ಯಾನ ಮಾಡಿಸಿದರು. ಕಡ್ಡಾಯ, ಬಾಗಿಲಲ್ಲೇ ಸಹಿ. ಸೃಜನಶೀಲತೆ ಹೆಚ್ಚುತ್ತದೆಯಂತೆ. ಕಣ್ಣು ಮುಚ್ಚಿ, ಉಸಿರನ್ನಷ್ಟೇ ಗಮನಿಸಿ, ಮನಸ್ಸು ಅತ್ತಿತ್ತ ಹೋದರೆ ಎಳೆದು ತನ್ನಿ ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಪೆರ್ಲದಿಂದ ಎರಡು ಬಸ್ ಹತ್ತಿ ಇಳಿದು ಬಂದವಳು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ್ದ ಅಡಿಕೆ ಕೊಳೆರೋಗದ ರೋಗಾಣುವನ್ನು ಅವಳು ಹೊತ್ತಿಗೆ ಸರಿಯಾಗಿ ನೋಡಬೇಕಿತ್ತು. ಅರ್ಧ ಗಂಟೆಯೂ ಕೈಗಡಿಯಾರವನ್ನೇ ನೋಡುತ್ತಿದ್ದಳು. ನನ್ನ ಹೊಟ್ಟೆ ಉರಿಯಿತು.

ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ತೀರಿಕೊಂಡ ವರ್ಷ ನಿದ್ದೆ ಬಾರದೆ ದಿನವೂ ಉಸಿರು ಎಣಿಸುತ್ತಾ ಕುಳಿತವಳು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ. ನಿದ್ದೆ ಬಂತು, ಜೀವ ಉಳಿಯಿತು. ಹೊಸ ಯೋಚನೆ ಮಾತ್ರ ಒಂದೂ ಬರಲಿಲ್ಲ.

ಧ್ಯಾನವೆಂದರೆ ಒಂದೇ ಬಗೆಯದೇ? ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಧ್ಯಾನದ ಅಭ್ಯಾಸವಿದ್ದವರ ಒಂದು ಸಣ್ಣ ಗುಂಪನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಬಂದದ್ದನ್ನೆಲ್ಲ ತಡೆಯದೆ ಗಮನಿಸುವ ಧ್ಯಾನದ ನಂತರ, ಸಾಮಾನ್ಯ ವಸ್ತುವಿಗೆ ಹೊಸ ಹೊಸ ಉಪಯೋಗ ಹುಡುಕುವುದರಲ್ಲಿ ಅವರು ಮುಂದಿದ್ದರು. ಒಂದಕ್ಕೇ ಮನಸ್ಸು ಕಟ್ಟುವ ಧ್ಯಾನದಿಂದ ಆ ಲಾಭ ಕಾಣಲಿಲ್ಲ. ನಮ್ಮಿಂದ ಮಾಡಿಸಿದ್ದು ಈ ಎರಡನೆಯದನ್ನು!

ಕೊಳೆರೋಗ ಬಾರದಿರಲೆಂದು ನಾವು ಅಡಿಕೆಗೆ ಬಿಡುವ ಮದ್ದಿನ ಕಥೆಯನ್ನೇ ನೋಡಿ. 1882ರಲ್ಲಿ ಫ್ರಾನ್ಸಿನ ಮೆಡೊಕ್‌ನಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದ. ಬೂಜು ರೋಗ ಎಲ್ಲೆಡೆ ಎಲೆ ಉದುರಿಸಿತ್ತು, ದಾರಿಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ಅವುಗಳಿಗೆ ಮೈಲುತುತ್ತು, ಸುಣ್ಣ ಎರಚಿದ್ದರು. ಅದು ಅವನ ಕಣ್ಣಿಗೆ ಬಿತ್ತು. ಮೂರು ವರ್ಷದಲ್ಲಿ ಆ ಮದ್ದು, ಬೋರ್ಡೋ ದ್ರಾವಣ, ಲೋಕಕ್ಕೆ ಸಿಕ್ಕಿತು. ಅವನು ಕಣ್ಣು ಮುಚ್ಚಿ ನಡೆದಿದ್ದರೆ?

ನನ್ನ ಸಂಶೋಧನೆಯ ಪ್ರಶ್ನೆ ಹುಟ್ಟಿದ್ದು ಅಮ್ಮನ ಜೊತೆ ಅಡಿಕೆ ಸುಲಿಯುತ್ತಾ ಕುಳಿತಿದ್ದಾಗ. ಕೈ ತನ್ನ ಪಾಡಿಗೆ ಸಿಪ್ಪೆ ಬಿಡಿಸುತ್ತಿತ್ತು, ಮನಸ್ಸು ತೋಟದಲ್ಲೆಲ್ಲ ಅಲೆಯುತ್ತಿತ್ತು. ತೋಡಿನ ಬದಿಯ ಸಾಲಿನಲ್ಲೇ ಕೊಳೆ ಮೊದಲು ಬರುವುದೇಕೆ ಎಂದು ಅಮ್ಮನೇ ಕೇಳಿದರು. ಆ ಅಲೆದಾಟವನ್ನು ಎಳೆದು ತನ್ನಿ ಎಂದರೆ ನಾನು ಎಲ್ಲಿಗೆ ಹೋಗಲಿ?

ಒತ್ತಡವಾದರೂ ಇಳಿಯುತ್ತದಲ್ಲ ಎಂದು ಸ್ನೇಹಿತರೊಬ್ಬರು ಹೇಳಿದರು. ಇಳಿಯಬಹುದು. 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್‌-ಜಿನ್ ಇಂಥ ತರಬೇತಿ ಆರಂಭಿಸಿದ್ದೇ ದೀರ್ಘಕಾಲದ ನೋವು, ಒತ್ತಡದಿಂದ ನರಳುವವರಿಗಾಗಿ. ಹಾಗಾದರೆ ಒತ್ತಡಕ್ಕೆಂದೇ ಹೇಳಿ, ಬೇಕಾದವರು ಬರಲಿ. ತಿಂಗಳುಗಟ್ಟಲೆ ಬಾರದ ಫೆಲೋಶಿಪ್ ಹಣವನ್ನೂ ಕೊಡಿ. ಅರ್ಧ ಒತ್ತಡ ಅಲ್ಲೇ ಇಳಿಯುತ್ತದೆ. ಹೊಸ ಯೋಚನೆ ಬೇಕೆಂದರೆ ನಮಗೆ ಹೊತ್ತು ಕೊಡಿ, ತೋಟಕ್ಕೆ ಹೋಗಲು ಬಿಡಿ. ಸಹಿ ಹಾಕಿಸಿಕೊಂಡು ಮನಸ್ಸನ್ನು ಅರಳಿಸಲು ಯಾರಿಂದಲೂ ಆಗುವುದಿಲ್ಲ.

ನಾಳೆ ಬೆಳಿಗ್ಗೆ ನಾನು ಸಭಾಂಗಣದಲ್ಲಿ ಇರುವುದಿಲ್ಲ. ಬದಿಯಡ್ಕದ ಹತ್ತಿರದ ತೋಟವೊಂದಕ್ಕೆ ಮದ್ದು ಬಿಡುವವರು ಬರುತ್ತಾರೆ, ಅಲ್ಲಿರುತ್ತೇನೆ. ಆ ಹುಡುಗಿಯನ್ನೂ ಕರೆದಿದ್ದೇನೆ.