ಸರ್ವಿಸ್ ಅಂದ್ರೆ ಯಾರು ಯಾರಿಗೆ ಮಾಡೋದು?

ಹೋದ ತಿಂಗಳು ಬೈಕಿಗೆ ಮೂರನೇ ಫ್ರೀ ಸರ್ವಿಸ್ ಮಾಡಿಸಿದೆ. ಬಿಲ್ಲು 1,840 ರೂಪಾಯಿ ಬಂತು. ಫ್ರೀ ಅಂದಿದ್ರಲ್ಲಪ್ಪಾ ಅಂತ ಕೇಳಿದೆ. ಕೌಂಟರಿನ ಹುಡುಗ ಬಹಳ ತಾಳ್ಮೆಯಿಂದ ಬೆರಳಿಟ್ಟು ತೋರಿಸಿದ. "ಸರ್ವಿಸ್ ಫ್ರೀನೇ ಸರ್. ಇದು ಆಯಿಲ್‌ದು, ಇದು ಫಿಲ್ಟರ್‌ದು, ಇದು ವಾಟರ್ ವಾಶ್, ಇದು ಸಣ್ಣಪುಟ್ಟ ಸಾಮಾನು." ಹಾಗಾದ್ರೆ ಇದನ್ನೆಲ್ಲ ಕಳೆದ ಮೇಲೆ ಉಳಿಯೋ ಆ ಫ್ರೀ ಸರ್ವಿಸ್ ಯಾವುದು ಅಂದೆ. ಅವನು ನನ್ನನ್ನು ನೋಡಿದ, ನಾನು ಬೈಕನ್ನು ನೋಡಿದೆ. ಕೊನೆಗೆ ಇಬ್ಬರಿಗೂ ಹೊಳೆದದ್ದು ಒಂದೇ. ಬೈಕನ್ನು ಒಳಗೆ ತಳ್ಳಿಕೊಂಡು ಹೋಗಿ, ಸಂಜೆ ಹೊರಗೆ ತಳ್ಳಿಕೊಂಡು ಬಂದಿದ್ದಾರಲ್ಲ, ಅದು ಫ್ರೀ.

ವಾಪಸ್ ಬಂದಿದ್ದು ಸರ್ವಿಸ್ ರೋಡಲ್ಲಿ. ಬೆಂಗಳೂರಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಡಗಡೆ ನಿಲ್ಲಿಸಿದ ಕಾರುಗಳಿಗೆ, ಬಲಗಡೆ ಪಾನಿಪೂರಿ ಗಾಡಿಗೆ, ನಡುವೆ ಯಾರೋ ಅಗೆದು ಮರೆತ ಗುಂಡಿಗೆ, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಡೆಲಿವರಿ ಹುಡುಗರಿಗೆ, ಮೆಟ್ರೋದವರು ಇಳಿಸಿಟ್ಟ ಕಬ್ಬಿಣಕ್ಕೆ ಈ ರಸ್ತೆ ಹಗಲೂ ರಾತ್ರಿ ಸರ್ವಿಸ್ ಕೊಡುತ್ತದೆ. ನಮ್ಮಂಥವರು ಅದರ ಮೇಲೆ ಓಡಾಡಿದರೆ ಸುಮ್ನೆ ಅಡ್ಡ.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಸರ್ವಿಸ್ ಅನ್ನುವ ಪದದ ಬುಡದಲ್ಲಿ ಲ್ಯಾಟಿನ್ನಿನ ಸೆರ್ವುಸ್ ಇದೆ. ಹಾಗಂದ್ರೆ ಗುಲಾಮ. ಸರ್ವೆಂಟು, ಸರ್ವರು, ಸರ್ವಿಸು ಎಲ್ಲ ಒಂದೇ ತಾಯಿ ಮಕ್ಕಳು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಾ, ಇಷ್ಟು ವರ್ಷ ಪಬ್ಲಿಕ್ ಸರ್ವೆಂಟ್ ಅಂತ ಯಾರ ಮುಂದೆ ಕೈ ಕಟ್ಟಿ ನಿಂತಿದ್ದೆವೋ, ಪದದ ಪ್ರಕಾರ ಗುಲಾಮರು ಅವರಂತೆ!

ಕನ್ನಡದಲ್ಲಿ ಇದಕ್ಕೆ ಪದಗಳಿಗೇನು ಬರ ಇಲ್ಲ. ಸೇವೆ, ಚಾಕರಿ, ಊಳಿಗ, ನೌಕರಿ, ಕೈಂಕರ್ಯ, ಉಪಚಾರ, ಬಿಟ್ಟಿ. ಆದರೆ ನಮ್ಮ ಪದಗಳದ್ದು ಒಂದು ತೊಂದರೆ. ಯಾರು ಮೇಲೆ, ಯಾರು ಕೆಳಗೆ ಅಂತ ಮೊದಲೇ ಹೇಳಿಬಿಡುತ್ತವೆ. "ನಾನು ಕಂದಾಯ ಇಲಾಖೆಯಲ್ಲಿ ಚಾಕರಿ ಮಾಡ್ತೀನಿ" ಅಂತ ಯಾವ ಸಾಹೇಬರಾದರೂ ಹೇಳಿದ್ದು ಕೇಳಿದ್ದೀರಾ? ಅವರು ಸರ್ವಿಸ್‌ನಲ್ಲಿರುತ್ತಾರೆ. ನಮ್ಮ ಕಡೆ ಸರ್ವಿಸ್ ಅಂದರೆ ಮಾಡುವ ಕೆಲಸ ಅಲ್ಲ, ಕೂಡಿಡುವ ಆಸ್ತಿ. "ಎಷ್ಟು ಸರ್ವಿಸ್ ಆಯ್ತು?" "ಇಪ್ಪತ್ತೆಂಟು. ಇನ್ನೂ ಆರು ವರ್ಷ ಸರ್ವಿಸ್ ಇದೆ." ಕಣಜದಲ್ಲಿ ಇನ್ನೆಷ್ಟು ಮೂಟೆ ರಾಗಿ ಇದೆ ಅಂತ ಹೇಳಿದ ಹಾಗೆ.

ಇನ್ನು ಸೇವೆ ಅನ್ನುವ ಪದವನ್ನು ರಾಜಕಾರಣಿಗಳಿಗೆ ಬಿಟ್ಟುಕೊಟ್ಟಾಗಿದೆ. ಅವರು ಅದನ್ನು ಸರಿಯಾಗೇ ಬಳಸುತ್ತಾರೆ. ಕನ್ನಡದಲ್ಲಿ ಸೇವಿಸು ಅಂದರೆ ತಿನ್ನು, ಕುಡಿ ಅಂತಲೂ ಆಗುತ್ತದಲ್ಲ. ಊಟದ ನಂತರ ಮಾತ್ರೆ ಸೇವಿಸಿ ಅನ್ನುವುದಿಲ್ವಾ? ಜನಸೇವೆಯನ್ನೂ ಹಾಗೇ ಓದಿಕೊಂಡರೆ ಎಷ್ಟೋ ಗೊಂದಲ ಕಮ್ಮಿಯಾಗುತ್ತದೆ.

ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಕಾಲದ ಕನ್ನಡ ನೇರ ಇತ್ತು. "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕಟ್ಟಡದ ಮೇಲೇ ಇದೆ. ಸೇವೆ ಅಲ್ಲ, ಕೆಲಸ. ಆದರೆ ದೇವರ ವಿಷಯದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದಿದ್ದೇವೆ. ಯಾವ ದೇವಸ್ಥಾನಕ್ಕೆ ಬೇಕಾದರೂ ಹೋಗಿ, ಸೇವೆಗಳ ದರಪಟ್ಟಿ ಗೋಡೆಯ ಮೇಲೆ ಇರುತ್ತದೆ. ಕುಂಕುಮಾರ್ಚನೆಗೆ ಇಷ್ಟು, ಪಂಚಾಮೃತಕ್ಕೆ ಇಷ್ಟು. ದುಡ್ಡು ಕೊಟ್ಟರೆ ರಸೀದಿಯೂ ಸಿಗುತ್ತದೆ. ಸರ್ಕಾರಿ ಕಚೇರಿಯಲ್ಲಿ ನಿಜವಾದ ದರ ಗೊತ್ತಾಗಬೇಕಾದರೆ ಹೊರಗೆ ಟೀ ಅಂಗಡಿ ಹತ್ತಿರ ಫೈಲ್ ಕಂಕುಳಲ್ಲಿಟ್ಟು ನಿಂತಿರುವ ಏಜೆಂಟನ್ನೇ ವಿಚಾರಿಸಬೇಕು. ರಸೀದಿ ಕೇಳಿದರೆ ಅವನು ಮನಸಾರೆ ನಗುತ್ತಾನೆ.

ಇದಕ್ಕೆ ಮದ್ದಾಗಿ ಬಂದದ್ದು ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ರಾಜ್ಯದ ತುಂಬ ಶುರುವಾಯಿತು. ಆಗ 11 ಇಲಾಖೆಗಳ 151 ಸೇವೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ ಪರಿಹಾರ, ಜಾಸ್ತಿ ಅಂದರೆ 500. ಒಳ್ಳೆಯ ಕಾನೂನು, ತಮಾಷೆ ಮಾಡೋಕೆ ಮನಸ್ಸಿಲ್ಲ. ಆದರೂ ಲೆಕ್ಕ ಹಾಕಿ ನೋಡಿ. 25 ದಿನಕ್ಕೆ 500 ಮುಗಿಯಿತು. 26ನೇ ದಿನದಿಂದ ತಡ ಮಾಡುವುದು ಫ್ರೀ ಸರ್ವಿಸ್. ಆಯಿಲ್ ಚಾರ್ಜೂ ಇಲ್ಲ.

ನನ್ನದೇ ಒಂದು ಕೆಲಸ ಇತ್ತು. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿತ್ತು. ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ, ಕೆಲಸ ಇನ್ನೂ ಬಾಕಿ ಇದೆ. ಮೊದಲ ದಿನ "ಸರ್ವರ್ ಡೌನ್" ಅಂದರು. ಎರಡನೇ ದಿನ "ಸರ್ವರ್ ಸ್ಲೋ". ಮೂರನೇ ದಿನ ಸರ್ವರ್ ಇತ್ತು, ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಎರಡೂ ಇತ್ತು, ಬೆರಳು ಒತ್ತಿ ಲಾಗಿನ್ ಆಗಬೇಕಾದವರು ಮೀಟಿಂಗಿಗೆ ಹೋಗಿದ್ದರು. ಪಕ್ಕದ ಬೆಂಚಲ್ಲಿ ಒಬ್ಬರು ಅಜ್ಜ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಮಡಚಿಟ್ಟುಕೊಂಡು, ಕವರಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ, ಬಸ್ಸಿಗೆ ಕಾಯುವವರ ಹಾಗೆ ಆರಾಮಾಗಿ ಕೂತಿದ್ದರು. ಸರ್ವರ್ ಯಾವಾಗ ಬರುತ್ತೆ ಅಜ್ಜ ಅಂತ ಕೇಳಿದೆ.

"ಬೆಳಗ್ಗೆ ಎಂಟಕ್ಕೆ ಚೆನ್ನಾಗಿರುತ್ತೆ ತಮ್ಮಾ, ಆಗ ಇವರಿರಲ್ಲ. ಇವರು ಬರೋ ಹೊತ್ತಿಗೆ ಅದು ಹೋಗುತ್ತೆ. ಎರಡೂ ಒಂದೇ ಟೈಮಿಗೆ ಕೂಡಬೇಕು ಅಂದ್ರೆ ಜಾತಕ ಸೇರಬೇಕು."

ಅಜ್ಜನದು ಒಂಬತ್ತನೇ ಸಲವಂತೆ. ನನ್ನ ನಾಲ್ಕು ಸಲದ ಸಿಟ್ಟು ಅಲ್ಲೇ ಇಳಿಯಿತು. ಸೀನಿಯಾರಿಟಿ ಅಂತ ಒಂದಿದೆಯಲ್ಲ. ಹಾಗೆ ನೋಡಿದರೆ ಆ ಬೆಂಚಿನ ಮೇಲೆ ಅಜ್ಜನಿಗೂ ಒಳ್ಳೇ ಸರ್ವಿಸ್ ಆಗಿದೆ, ಪಿಂಚಣಿ ಒಂದು ಇಲ್ಲ ಅಷ್ಟೇ.

ಹೋಟೆಲಿನವರು ಎಷ್ಟೋ ವಾಸಿ. ದರ್ಶಿನಿಯಲ್ಲಿ ದುಡ್ಡು ಕೊಟ್ಟು, ಚೀಟಿ ಹಿಡಿದು, ಪ್ಲೇಟು ಇಸ್ಕೊಂಡು, ಮೊಣಕೈಯಿಂದ ಜಾಗ ಮಾಡಿಕೊಂಡು, ನಿಂತೇ ತಿಂದು, ಪ್ಲೇಟನ್ನು ಟಬ್ಬಿಗೆ ಹಾಕಿ ಬರುತ್ತೇವೆ. ಸೆಲ್ಫ್ ಸರ್ವಿಸ್ ಅಂತ ಬೋರ್ಡಲ್ಲೇ ಹೇಳಿರುತ್ತಾರೆ, ಕನ್ನಡದಲ್ಲಿ ಇನ್ನೂ ನೇರವಾಗಿ "ಸ್ವಸಹಾಯ". ಮೋಸ ಇಲ್ಲ. ತಕರಾರು ಇರುವುದು ದೊಡ್ಡ ಹೋಟೆಲುಗಳ ಸರ್ವಿಸ್ ಚಾರ್ಜಿನದು. ಕೇಳದೆ ಬಿಲ್ಲಿಗೆ ಸೇರಿಸಬೇಡಿ ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ಅಲ್ಲಿ ಕೇಸು ನಡೆಯುತ್ತಿರುವಾಗಲೇ ಅದಕ್ಕೆ "ಸ್ಟಾಫ್ ಕಾಂಟ್ರಿಬ್ಯೂಷನ್" ಅನ್ನುವ ಹೊಸ ಹೆಸರೂ ಹುಟ್ಟಿತು. ನಾಮಕರಣ ಕೋರ್ಟಿನಲ್ಲೇ ಆದ ಕೂಸು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಕಡ್ಡಾಯ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಚಟ್ನಿ ಎರಡನೇ ಸಲ ಹಾಕಿದ್ದಕ್ಕೆ ಇಷ್ಟೆಲ್ಲ.

ಈ ಪದದ ನಿಜವಾದ ಅರ್ಥ ಹಿಡಿದವರು ಮಾತ್ರ ಟೆನ್ನಿಸ್‌ನವರು. ಅಲ್ಲಿ ಸರ್ವಿಸ್ ಅಂದರೆ ಎದುರಿಗಿರುವವನ ಕೈಗೆ ಸಿಗಬಾರದು. 2016ರಲ್ಲಿ ಅಮೆರಿಕದ ಜಾನ್ ಇಸ್ನರ್ ಗಂಟೆಗೆ 253 ಕಿಲೋಮೀಟರ್ ವೇಗದಲ್ಲಿ ಒಂದು ಸರ್ವಿಸ್ ಮಾಡಿ ದಾಖಲೆ ಬರೆದ. 43ನೇ ವಯಸ್ಸಿನಲ್ಲಿ ಡಬಲ್ಸ್‌ನ ನಂಬರ್ ಒನ್ ಆದ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರದೂ ಜೋರು ಸರ್ವಿಸ್ಸೇ. ಎದುರಾಳಿ ಮುಟ್ಟಲಾಗದೇ ಹೋದರೆ ಅದನ್ನು ಏಸ್ ಅಂತಾರೆ, ಚಪ್ಪಾಳೆ ಹೊಡೀತಾರೆ. ಇಲಾಖೆಗಳಲ್ಲೂ ಇದೇ ನಿಯಮ ಇದ್ದಿರಬೇಕು, ನಮಗೆ ಯಾರೂ ತಿಳಿಸಲಿಲ್ಲ ಅಷ್ಟೇ.

ನಮ್ಮ ಸೋದರಮಾವ 34 ವರ್ಷ ಸರ್ವಿಸ್ ಮಾಡಿ ನಿವೃತ್ತರಾದವರು. ಪಿಂಚಣಿ ನಿಲ್ಲಬಾರದು ಅಂದರೆ, ತಾನು ಇನ್ನೂ ಬದುಕಿದ್ದೇನೆ ಅಂತ ತೋರಿಸಲು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಹೋಗಬೇಕು. ಹೋದ ಸಲ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಬೈಕಲ್ಲೇ ಬಂದರು. ಕ್ಯೂ ನೋಡಿ ಎದೆಗುಂದಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ನಾನೂ ಸರ್ವಿಸ್‌ನಲ್ಲಿದ್ದವನೇ" ಅಂದರು. ಆ ಮಾತಿಗೆ ಎಂಥ ಶಕ್ತಿ ಅಂತೀರಿ. ಹುಡುಗ ಎದ್ದು ನಿಂತ, ಒಳಗಿಂದ ಕುರ್ಚಿ ತಂದು ಹಾಕಿದ, ಫ್ಯಾನನ್ನು ಮಾವನ ಕಡೆ ತಿರುಗಿಸಿದ. ಹತ್ತು ನಿಮಿಷ ಕೀಬೋರ್ಡ್ ಒತ್ತಿದ. ಆಮೇಲೆ ಕೈ ಮುಗಿದು, "ಸರ್, ಸರ್ವರ್ ಇಲ್ಲ. ದಯವಿಟ್ಟು ನಾಳೆ ಬಂದುಬಿಡ್ತೀರಾ?" ಅಂದ.

ಮಾವನಿಗೆ ಬೇಜಾರಾಗಿರಬೇಕು ಅಂದುಕೊಂಡು ಬೈಕ್ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ನನ್ನ ಭುಜ ತಟ್ಟಿದರು.

"ಒಳ್ಳೇ ಹುಡುಗ ಕಣೋ. ನಾಳೆ ಬನ್ನಿ ಅನ್ನೋದನ್ನ ನಾವು ಇಷ್ಟು ನಯವಾಗಿ ಹೇಳ್ತಾ ಇರಲಿಲ್ಲ."