ಐದು ತಲೆಮಾರಿನ ಮೇಣ

ಮಗನಿಗೆ ಒಂದು ಇಸವಿ ಬೇಕಾಗಿತ್ತು.

"ಅಪ್ಪಾ, ನಮ್ಮ ಹಣ್ಣಿನ ವ್ಯಾಪಾರ ಶುರುವಾದದ್ದು ಯಾವಾಗ?" ಅಂತ ಅವನು ಕೇಳುವಾಗ ನಾನು ಜಗಲಿಯಲ್ಲಿ ಗೋಣಿ ಹಾಸಿ, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಒಂದು ಬೆಳೆದ ಹಲಸಿನಕಾಯಿಯ ಎದುರು ಕೂತಿದ್ದೆ. ಹಪ್ಪಳದ ಪ್ಯಾಕೆಟ್ಟಿಗೆ ಸ್ಟಿಕ್ಕರ್ ಮಾಡಿಸುತ್ತಾನಂತೆ. ಹೆಸರಿನ ಕೆಳಗೆ 'ಸ್ಥಾಪನೆ' ಅಂತ ಹಳೇ ಇಸವಿ ಒಂದಿದ್ದರೆ ಗಿರಾಕಿಗಳಿಗೆ ನಂಬಿಕೆ ಬರುತ್ತದಂತೆ. ಜೊತೆಗೆ ನಾಲ್ಕು ಸಾಲು ಚರಿತ್ರೆ.

"ಐದು ತಲೆಮಾರಿನ ಹಣ್ಣಿನ ವ್ಯಾಪಾರ ಅಂತ ಹಾಕುವಾ. ಸುಳ್ಳಲ್ಲ ಅಲ್ವಾ?"

ಹಣ್ಣು ಸುಳ್ಳಲ್ಲ. ಐದು ತಲೆಮಾರೂ ಸುಳ್ಳಲ್ಲ. 'ವ್ಯಾಪಾರ' ಅನ್ನುವ ಒಂದು ಶಬ್ದದ ಹತ್ತಿರ ಮಾತ್ರ ನನ್ನ ಕತ್ತಿ ನಿಂತಿತು.

ನಮ್ಮ ಮನೆ ಕಾಸರಗೋಡಿನಿಂದ ಒಳಗೆ, ಪೆರ್ಲದ ಕಡೆ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆ. ಅನ್ನ ಕೊಟ್ಟದ್ದು ಅಡಿಕೆ. ಗುಡ್ಡೆಯ ಹಣ್ಣು ಏನಿದ್ದರೂ ಮನೆಯ ಗಂಡಸರ ಹುಚ್ಚು. ಆ ಹುಚ್ಚಿನ ಮೂಲಪುರುಷ ನನ್ನ ಪಿಜ್ಜ, ಅಂದರೆ ಅಜ್ಜನ ಅಪ್ಪ.

ಅಪ್ಪ ಅಟ್ಟ ಹುಡುಕಿಸಿ ಪಿಜ್ಜನ ಲೆಕ್ಕದ ಪುಸ್ತಕ ಇಳಿಸಿದರು. ಅರ್ಧ ಗೆದ್ದಲಿನ ಪಾಲು. ಉಳಿದದ್ದರಲ್ಲಿ 1934ರ ಪುಟದಲ್ಲಿ ಒಂದು ಸಾಲು: 'ಬಕ್ಕೆ ಹಲಸು, ಸಸಿ 3, ಗುಡ್ಡೆ ಬದಿ.' ಮಗ ಕುಣಿದಾಡಿಬಿಟ್ಟ. ನಾನು ಮುಂದೆ ಓದಿದೆ. ಎಂಟು ವರ್ಷ ದಾಟಿದ ಮೇಲೆ ಹಣ್ಣಿನ ಲೆಕ್ಕ ಶುರು. 'ಹಣ್ಣು 2. ಕೊಟ್ಟದ್ದು.' 'ಹಣ್ಣು 5. ಕೊಟ್ಟದ್ದು.' 'ಹಣ್ಣು 4. ಒತ್ತಾಯ ಮಾಡಿ ಕೊಟ್ಟದ್ದು.' ವರವಿನ ಕಡೆ ಉದ್ದಕ್ಕೂ ಖಾಲಿ. ಖರ್ಚಿನ ಕಡೆ ಮಾತ್ರ ಒಂದು ನಮೂದು ಸಿಕ್ಕಿತು: 'ಹಣ್ಣು ಹೊತ್ತು ಮುಟ್ಟಿಸಿದವನಿಗೆ 2 ಆಣೆ.'

ಅಂದರೆ ನಮ್ಮ ಸಂಸ್ಥಾಪಕರು ದುಡ್ಡು ಕೊಟ್ಟು ಹಣ್ಣು ಸಾಗಹಾಕುತ್ತಿದ್ದರು.

ಅವರದ್ದೂ ತಪ್ಪಲ್ಲ. ಎಲ್ಲರ ಮನೆಯಲ್ಲೂ ಹಲಸಿದ್ದ ಊರಲ್ಲಿ ಅದನ್ನು ಕೊಳ್ಳುವವರು ಯಾರು? ನಮ್ಮ ಕಾಸರಗೋಡಿನಲ್ಲಿ ತೆಂಗಿಗೆ 1916ರಲ್ಲೇ ಸಂಶೋಧನಾ ಕೇಂದ್ರ ಬಂದಿತ್ತು. ಹಲಸಿಗೆ ಬಂದದ್ದು ನೊಣ ಮಾತ್ರ.

ವಿಳಾಸ ಬರೆಯುವಾಗ ಇನ್ನೊಂದು ತಾಪತ್ರಯ. ಪಿಜ್ಜ ಸಸಿ ನೆಟ್ಟದ್ದು ಮದ್ರಾಸು ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ಮರ ಕೇರಳಕ್ಕೆ ಹೋಯಿತು, ಮಲಬಾರ್ ಜಿಲ್ಲೆ. ಎರಡು ತಿಂಗಳಲ್ಲಿ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡು ಜಿಲ್ಲೆ. ಇಷ್ಟು ತಿರುಗಾಡಿದ ಮರ ಇವತ್ತಿಗೂ ನಮ್ಮ ಹಟ್ಟಿಯ ಹಿಂದೆಯೇ ಉಂಟು.

ಅಜ್ಜ ಅನನಾಸು ನೆಟ್ಟರು. ನಾಳೆ ಕೊಯ್ಯುವಾ ಅಂದುಕೊಂಡ ಹಣ್ಣನ್ನು ಇವತ್ತು ರಾತ್ರಿ ಹಂದಿ ತಿಂದಿತು. ಅಜ್ಜನ ಅಧ್ಯಾಯ ಇಷ್ಟೇ.

ಅಪ್ಪ ಗೇರು ಹಾಕಿದರು. ಮಾರಿದ್ದು ಬೀಜ, ಹಣ್ಣು ಕೊಳೆತು ಗೊಬ್ಬರ. "ಹಾಗಾದರೆ ನಿಮ್ಮದು ಹಣ್ಣಿನ ವ್ಯಾಪಾರ ಅಲ್ಲ" ಅಂದೆ. ಅಪ್ಪ ಬಿಡಲಿಲ್ಲ. ಗೇರಿನಲ್ಲಿ ನಾವು ಹಣ್ಣು ಅನ್ನುವುದು ಬರೀ ಉಬ್ಬಿದ ತೊಟ್ಟು, ಬೀಜ ಅನ್ನುವುದೇ ಅಸಲಿ ಹಣ್ಣು ಅಂತ ಅವರಿಗೆ ಯಾರೋ ಹೇಳಿದ್ದರು. ಮಾತು ಸರಿಯೇ. ಹಾಗಾಗಿ ಲೆಕ್ಕಪ್ರಕಾರ ಈ ಮನೆಯಲ್ಲಿ ಮೊದಲು ಹಣ್ಣು ಮಾರಿದವರು ತಾವೇ, ತಮ್ಮ ಇಸವಿ ಹಾಕಿ ಅಂತ ಅವರ ವಾದ.

ನನ್ನ ಅಧ್ಯಾಯ ರಂಬುಟಾನ್. ಕಸಿ ಗಿಡಕ್ಕೆ ದುಡ್ಡು ಜಾಸ್ತಿ ಅಂತ, ತಿಂದ ಹಣ್ಣಿನ ಬೀಜವನ್ನೇ ಹಾಕಿ ಆರು ಗಿಡ ಮಾಡಿದೆ. ಏಳು ವರ್ಷ ಸೆಗಣಿ ನೀರು ಹೊತ್ತೆ. ಹೂ ಬಂತು. ಮೈತುಂಬ ಬಂತು. ಮರುವರ್ಷವೂ ಹೂವೇ. ಕೊನೆಗೆ ತಿಳಿದವರೊಬ್ಬರನ್ನು ಕರೆಸಿ ತೋರಿಸಿದೆ. ಅವರು ಹೂವಿನ ಗೊಂಚಲು ಬಗ್ಗಿಸಿ ನೋಡಿದರು. ನನ್ನ ಮುಖ ನೋಡಿದರು.

"ಇದು ಗಂಡು."

"ಆಚೆಯದ್ದು?"

"ಅದೂ ಗಂಡು. ಬೀಜದ ಗಿಡ ಅಲ್ವಾ? ಹಾಗೇ."

ಐದೂ ಗಂಡು. ಆರನೆಯದು ಹೆಣ್ಣೇ ಇತ್ತೇನೋ. ಅದನ್ನು ಎರಡನೇ ವರ್ಷವೇ ನಮ್ಮ ದನ ತಿಂದು ಮುಗಿಸಿತ್ತು. "ಜೇನಿಗಾದರೂ ಆಯಿತಲ್ಲ" ಅಂದಳು ಹೆಂಡತಿ. ಸಮಾಧಾನಕ್ಕೆ ಹೇಳಿದ್ದಾ, ತಮಾಷೆಗಾ, ಇವತ್ತಿಗೂ ಗೊತ್ತಾಗಿಲ್ಲ.

2018ರ ಮಾರ್ಚಿನಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಸಾರಿತು. ಅಮ್ಮನಿಗೆ ಪೇಪರ್ ಓದಿ ಹೇಳಿದೆ. "ಹಾಗಾದರೆ ಇನ್ನು ದನಕ್ಕೆ ಹಾಕುವ ಮೊದಲು ಪಂಚಾಯತಿನಲ್ಲಿ ಕೇಳಬೇಕಾ?" ಅಂದರು. ಎರಡು ವರ್ಷ ಕಳೆದು ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದು ಕೂತ. ಅಮ್ಮ ಒತ್ತುತ್ತಿದ್ದ ಹಪ್ಪಳ ನೋಡಿ ಅವನಿಗೆ ವ್ಯಾಪಾರ ಹೊಳೆಯಿತು. ನನಗೆ ಕಾಯಿ ಕೊರೆಯುವ ಕೆಲಸ ಹೊಳೆಯಿತು.

ಚರಿತ್ರೆ ಬಗೆಹರಿಯುವ ಮೊದಲೇ ಫೋಟೋ ಆಗಬೇಕು ಅಂದ. ಬಿಳಿ ಪಂಚೆ ಉಡಿಸಿದ, ಹೆಗಲಿಗೆ ಬೈರಾಸು ಹಾಕಿಸಿದ. "ಎಣ್ಣೆ ಕೈ ಫೋಟೋದಲ್ಲಿ ಮಿಂಚುತ್ತದೆ. ಒರೆಸಿ ಅಪ್ಪಾ."

ಒರೆಸಿದೆ. ಹಲಸು ಕೊರೆದವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಕಾಯಿ ಎರಡಾಯಿತು. ಗೂಂಜಿನ ಸುತ್ತ ಹಾಲಿನಂಥ ಮೇಣ ಬೊಟ್ಟುಬೊಟ್ಟಾಗಿ ಎದ್ದು ಇಳಿಯಿತು. ಕೋಲಿಗೆ ಸುತ್ತಿ ತೆಗೆಯುವಷ್ಟರಲ್ಲಿ ಬೆರಳಿಗೆ ಬೆರಳು ಅಂಟಿತು, ಕತ್ತಿಗೆ ಅಂಗೈ ಅಂಟಿತು. ಆಗಲೇ ಫೋನು. ವಿಟ್ಲದಿಂದ ಚಿಕ್ಕಪ್ಪ. ಎತ್ತಿದೆ.

"ಇಸವಿ ಹುಡುಕುತ್ತಿದ್ದೀರಂತೆ? ಈ ಮನೆಯ ಮೊದಲ ವ್ಯಾಪಾರಿ ನಾನು. ಶಾಲೆಗೆ ಹೋಗುವಾಗ ಮೇಷ್ಟ್ರಿಗೆ ಪೇರಳೆ ಮಾರಿದ್ದೆ!" ಆ ಪೇರಳೆ ಮೇಷ್ಟ್ರದ್ದೇ ಹಿತ್ತಲಿನದ್ದು, ಅದಕ್ಕೆ ಪೆಟ್ಟೂ ಬಿದ್ದಿತ್ತು. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಯಿತು ಚಿಕ್ಕಪ್ಪಾ ಅಂತ ಕೆಂಪು ಗುಂಡಿ ಒತ್ತಿದೆ.

ಒತ್ತಿದ್ದು ಮೇಣವನ್ನು. ಫೋನಿಗೆ ಅದು ತಿಳಿಯಲಿಲ್ಲ. "ಇವರೊಬ್ಬರು ಬಾಕಿ ಇದ್ದರು ನೋಡು. ತೋಟಕ್ಕೆ ಕಾಲಿಡದವರಿಗೆ ಇಸವಿ ಬೇಕಂತೆ" ಅಂತ ನಾನು ಮಗನಿಗೆ ಹೇಳಿದ್ದು ವಿಟ್ಲದವರೆಗೂ ಸ್ಪಷ್ಟವಾಗಿ ಕೇಳಿತು. "ನನಗೆ ಕೇಳುತ್ತಾ ಉಂಟು ಮಾರಾಯ" ಅಂತ ಅಂಗೈಯೊಳಗಿಂದ ಸ್ವರ ಬಂತು. ಬಿಸಾಡುವಾ ಅಂದರೆ ಫೋನು ಕೈ ಬಿಡುವುದಿಲ್ಲ! ಅಮ್ಮ ಓಡಿ ಬಂದು ಫೋನಿಗೇ ಎಣ್ಣೆ ಹೊಯ್ದರು. ಮಾತು ನಿಂತಿತು. ಫೋನೂ ನಿಂತಿತು.

ಕೊನೆಗೆ 1934 ಅಂತಲೇ ತೀರ್ಮಾನವಾಯಿತು. ಚರಿತ್ರೆಯ ನಾಲ್ಕು ಸಾಲಿಗೆ ಜಾಗ ಸಾಲಲಿಲ್ಲ.

ಸಾವಿರ ಸ್ಟಿಕ್ಕರ್ ಬಂತು. ಬಣ್ಣ ಚಂದ, ಅಕ್ಷರ ಚಂದ. ಅಂಟಿಸಿ, ಕಳಿಸಿ, ವಾರವಾದ ಮೇಲೆ ಅಪ್ಪ ಕನ್ನಡಕ ಹಾಕಿ ಓದಿದರು. 'ತಯಾರಿಸಿದ್ದು: 1934. ಮೂರು ತಿಂಗಳೊಳಗೆ ಬಳಸಿ.'

ಮೊದಲು ಫೋನು ಮಾಡಿದ್ದು ಚಿಕ್ಕಪ್ಪ. ಸಿಟ್ಟು ಇಳಿಯಲಿ ಅಂತ ಎರಡು ಪ್ಯಾಕೆಟ್ ಕಳಿಸಿದ್ದೆ. "1934ರ ಹಪ್ಪಳ ಕರಿದು ತಿಂದೆವು. ಈಗಲೂ ಗರಿಗರಿ ಉಂಟು. ದುಡ್ಡು ಕೊಡುವುದುಂಟಾ?"

"ಛೆ, ಬೇಡ ಚಿಕ್ಕಪ್ಪಾ."

ಮಗ ಹೊಸ ಲೆಕ್ಕದ ಪುಸ್ತಕ ತೆರೆದು ಮೊದಲ ಸಾಲು ಬರೆದ. 'ವಿಟ್ಲಕ್ಕೆ ಹಪ್ಪಳ 2. ಕೊಟ್ಟದ್ದು.' ಖರ್ಚಿನ ಕಡೆ, ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ್ದಕ್ಕೆ 40 ರೂಪಾಯಿ.