ರೊಟ್ಟಿ ಬಡಿದರೂ ಹೆಜ್ಜೆ ಲೆಕ್ಕ

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ನನ್ನ ಕೈಯಲ್ಲಿರುವ ವಾಚು ಡುರ್ರ್ ಅಂತ ನಡುಗಿತು. ‘ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಅಡ್ಡಾಡಿ’ ಅಂತ ಉಪದೇಶ. ಮೇ ತಿಂಗಳು, ರಾಯಚೂರು, ಮಧ್ಯಾಹ್ನ ಎರಡು ಗಂಟೆ. ಈ ಮೂರೂ ಒಟ್ಟಿಗೆ ಸೇರಿದಾಗ ನಮ್ಮ ಕಡೆ ಎಮ್ಮೆ ಕೂಡ ಎದ್ದು ನಿಲ್ಲುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಓಣಿಯ ನಾಯಿಗಳೆಲ್ಲ ನಿಂತ ಆಟೋಗಳ ಕೆಳಗೆ ನುಗ್ಗಿ ನಾಲಿಗೆ ಹೊರಗೆ ಹಾಕಿಕೊಂಡು ಬಿದ್ದಿರುತ್ತವೆ. ಅವಕ್ಕಿರುವಷ್ಟು ತಿಳಿವಳಿಕೆ ಈ ವಾಚಿಗೆ ಇಲ್ಲ.

ಇದು ಬೆಂಗಳೂರಿನಲ್ಲಿರುವ ಮಗಳ ಕೊಡುಗೆ. ‘ನಿಂದು ಬ್ಯಾಲೆನ್ಸ್ಡ್ ಲೈಫ್ ಅಲ್ಲಪ್ಪಾ’ ಅಂತ ತೀರ್ಪು ಕೊಟ್ಟು ಕೈಗೆ ಕಟ್ಟಿ ಹೋದಳು. ನನ್ನ ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲ ಅವಳ ಫೋನಿಗೆ ಹೋಗುತ್ತದಂತೆ. ಸಂಜೆ ಏಳಕ್ಕೆ ಸರಿಯಾಗಿ ಫೋನು ಬರುತ್ತದೆ. ನಾನು ಅವಳ ಹೋಂವರ್ಕ್ ನೋಡುತ್ತಿದ್ದ ಕಾಲ ಹೋಯಿತು, ಈಗ ಅವಳು ನನ್ನದು ನೋಡುತ್ತಾಳೆ. ಚಿಕ್ಕವಳಿದ್ದಾಗ ಜೋಳದ ರೊಟ್ಟಿ ಕಂಡರೆ ಮುಖ ಸಿಂಡರಿಸುತ್ತಿದ್ದ ಹುಡುಗಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ್ದೇ ತಡ, ಜೋಳ ಎಷ್ಟು ಒಳ್ಳೆಯದು ಅಂತ ನನಗೇ ಪಾಠ ಹೇಳತೊಡಗಿದಳು. ಮೇಲೆ ಒಂದು ಬೆದರಿಕೆ ಬೇರೆ: ‘ನಿಮ್ಮೂರಾಗ ಏಮ್ಸ್‌ನಂಥ ದೊಡ್ಡ ದವಾಖಾನಿ ಇಲ್ಲ, ನೆನಪಿರ್ಲಿ.’ ಅದೇನೋ ನಿಜ. ಏಮ್ಸ್ ಬೇಕು ಅಂತ ನಮ್ಮೂರ ಜನ 2022ರಿಂದ ಧರಣಿ ಕೂತಿದ್ದಾರೆ. ಅವರ ಕೈಗೂ ಇಂಥ ವಾಚು ಕಟ್ಟಿದರೆ ‘ತುಂಬಾ ಹೊತ್ತಿನಿಂದ ಕೂತಿದ್ದೀರಿ’ ಅಂತಲೇ ಹೇಳುತ್ತದೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನನ್ನ ಗುರಿ. ಇದನ್ನು ಯಾವ ವೈದ್ಯರು ಬರೆದುಕೊಟ್ಟರು ಅಂತ ಹುಡುಕಿದರೆ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆಯಂತೆ ಅದು! ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಮಾತ್ರ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗಲಿಲ್ಲ. ಇದನ್ನು ಮಗಳಿಗೆ ಹೇಳಿದೆ. ‘ನೆಪ ಹುಡುಕೂದ್ರಾಗ ನೀ ಶ್ಯಾಣ್ಯಾ ಇದ್ದಿ’ ಅಂದಳು.

ಹಾಗಂತ ನಾನು ನಡೆಯುವುದಿಲ್ಲ ಅಂತಲ್ಲ. ಬೆಳಗ್ಗೆ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋಗುತ್ತೇನೆ, ಪಕ್ಕದ ಮನೆಯ ರಿಟೈರ್ಡ್ ಮಾಸ್ತರರ ಜೊತೆ. ಒಳ್ಳೆಯ ಮನುಷ್ಯ. ಆದರೆ ಅವರಿಗೆ ನಡೆಯುತ್ತಾ ಮಾತಾಡಲು ಬರುವುದಿಲ್ಲ. ಮುಖ್ಯವಾದದ್ದು ಹೇಳಬೇಕೆಂದರೆ ನಿಲ್ಲುತ್ತಾರೆ, ತೋಳು ಹಿಡಿದು ನಮ್ಮನ್ನೂ ನಿಲ್ಲಿಸುತ್ತಾರೆ. ಅವರ ಮಾತಿನಲ್ಲಿ ಮುಖ್ಯವಲ್ಲದ್ದು ಯಾವುದೂ ಇಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಆಮೇಲೆ ‘ಬರ್ರಿ, ಬಂಡಿ ಕಡೆ ಹೋಗೂಣು’. ಒಂದು ಪ್ಲೇಟು ಮಂಡಾಳ (ಮಂಡಕ್ಕಿ) ಒಗ್ಗರಣಿ, ಜೊತೆಗೆ ಬಿಸಿ ಮಿರ್ಚಿ. ಮಿರ್ಚಿಯನ್ನು ಪೇಪರಿನ ನಡುವೆ ಇಟ್ಟು ಎರಡೂ ಅಂಗೈಯಿಂದ ಒತ್ತಿ, ‘ನೋಡ್ರಿ ಸರ, ಎಣ್ಣಿ ಎಲ್ಲಾ ಹೋತು. ಉಳದದ್ದು ಕಡ್ಲಿಹಿಟ್ಟು, ಕಾಯಿಪಲ್ಯ’ ಅನ್ನುತ್ತಾರೆ. ದಿನಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ, ಮಸಿ ಹೊಟ್ಟೆಗೆ ಹೋಗುತ್ತದೆ ಅಂತ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ ಸರ್, ಅಂದೆ. ಅದಕ್ಕೂ ನಿಂತರು. ಅಲ್ಲಲ್ಲ, ನಿಂತೇ ಇದ್ದೆವು. ಇನ್ನೊಂದು ಪ್ಲೇಟು ಹೇಳಿದರು.

ಈ ವಾಚಿನ ನಿಜವಾದ ಬುದ್ಧಿ ತಿಳಿದದ್ದು ನೀರು ಬಂದ ರಾತ್ರಿ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ನಾವು ನಡುರಾತ್ರಿ ಎದ್ದು ನಲ್ಲಿ ಹತ್ತಿರ ಕಾಯುತ್ತೇವೆ. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದು ಮೆಟ್ಟಿಲು ಹತ್ತಿ ಇಳಿದು, ಟಾಕಿ ತುಂಬಿಸಿ, ಬೆಳಗಿನ ಜಾವ ಬಂದು ಬಿದ್ದುಕೊಂಡೆ. ಬೆಳಗ್ಗೆ ವಾಚು ನೋಡಿದರೆ ಹೆಜ್ಜೆ ಏನೂ ಇಲ್ಲ ಅನ್ನುವಷ್ಟು ಕಡಿಮೆ. ‘ನಿಮ್ಮ ನಿದ್ದೆ ಕಳಪೆ’ ಅನ್ನುವ ಷರಾ ಮಾತ್ರ ಇತ್ತು. ಕೊಡ ಹಿಡಿದ ಕೈ ಬೀಸುವುದಿಲ್ಲವಲ್ಲ, ಹಾಗಾಗಿ ನಾನು ನಡೆದೇ ಇಲ್ಲ ಅಂತ ಅದರ ಲೆಕ್ಕ.

ಇನ್ನು ಕಳೆದ ವಾರದ ಕಥೆ ಕೇಳಿ. ಅಡುಗೆಮನೆಯ ಗಡಿಯಾರದ ಸೆಲ್ ಮುಗಿದಿತ್ತು. ನಾನು ಸ್ನಾನಕ್ಕೆ ಹೋಗುವಾಗ ಫ್ರಿಜ್ಜಿನ ಮೇಲಿಟ್ಟ ವಾಚನ್ನು ನಮ್ಮ ಮನೆಯಾಕೆ ಟೈಮ್ ನೋಡಲಿಕ್ಕಂತ ಬಲಗೈಗೆ ಕಟ್ಟಿಕೊಂಡಳು. ನಾನು ಬರಿಗೈಯಲ್ಲಿ ಆಫೀಸಿಗೆ ಹೋದೆ, ಇಡೀ ದಿನ ಫ್ಯಾನಿನ ಕೆಳಗೆ ಕೂತೆ. ಸಂಜೆ ಮಗಳ ಫೋನು.

‘ಅಪ್ಪಾ! ಇವತ್ತು ಮಸ್ತ್ ನಡದಿಯಲ್ಲ!’

ಹೊಗಳಿಕೆ ಬಂದಾಗ ಮೂಲ ಕೆದಕಬಾರದು. ‘ಹೂಂ ಮತ್ತ’ ಅಂದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಹೆಜ್ಜೆ ಲೆಕ್ಕದ ಚಿತ್ರವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಿಂಧನೂರಿನ ಭಾವ ಚಪ್ಪಾಳೆ ತಟ್ಟಿದರು. ಬೀಗರು ‘ಈ ವಯಸ್ಸಿನಾಗ ಎಲ್ಲಾರಿಗೂ ಮಾದರಿ’ ಅಂತ ಬರೆದು ಕೈ ಮುಗಿದರು. ಅತ್ತಿಗೆಯವರು ತಮ್ಮ ಯಜಮಾನರಿಗೆ ಅದನ್ನೇ ತೋರಿಸಿ ಬೈದರಂತೆ. ನಾನು ವಿನಯದಿಂದ ‘ಧನ್ಯವಾದ’ ಅಂತ ಬರೆಯುತ್ತಿರುವಾಗ ಅಡುಗೆಮನೆಯಿಂದ ಧ್ವನಿ ಬಂತು.

‘ರೀ, ಆ ವಾಚು ನನ್ನ ಕೈಯಾಗ ಇತ್ತಲ್ರಿ?’

ಆಕೆಯೂ ಹೊರಗೆ ಕಾಲಿಟ್ಟಿರಲಿಲ್ಲ. ಬೆಳಗ್ಗೆಯಿಂದ ಮಣೆಯ ಮೇಲೆ ಕೂತು ಕಟಕ್ ರೊಟ್ಟಿ, ಅಂದರೆ ಒಣ ಗರಿಗರಿ ರೊಟ್ಟಿ, ಬಡಿದಿದ್ದಳು. ಬೆಂಗಳೂರಿಗೆ ಹೋಗುವ ರೊಟ್ಟಿ, ಮಗಳಿಗೇ! ತನಿಖೆ ಶುರುವಾಯಿತು. ಮಗಳು ಸ್ಪೀಕರಿನಲ್ಲಿ, ಹಿಟ್ಟು ಪರಾತದಲ್ಲಿ, ವಾಚು ಬಲಗೈಯಲ್ಲಿ. ಒಂದು ಉಂಡೆ ಇಟ್ಟು, ಒಣಹಿಟ್ಟು ಚೆಲ್ಲಿ, ಅಂಗೈಯಿಂದ ತಪ್ ತಪ್ ತಪ್ ಅಂತ ತಟ್ಟುತ್ತಾ ತಿರುಗಿಸತೊಡಗಿದಳು. ನಾನು ಬಗ್ಗಿ ನೋಡುತ್ತಿದ್ದೆ. ಮೊದಲು ಸುಮ್ಮನಿತ್ತು. ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲಿ ಅಂಕಿ ಓಡತೊಡಗಿತು. ಕೈಯ ಅಲುಗಾಟ ನೋಡಿ ಕಾಲಿನ ಹೆಜ್ಜೆ ಊಹಿಸುವ ಯಂತ್ರ ಅದು, ತಾಳಕ್ಕೆ ಮೋಸಹೋಗುತ್ತದೆ. ಹಂಚಿಗೆ ಹಾಕಿ ನೀರು ಸವರಿದಾಗ ನಿಂತಿತು. ಮುಂದಿನ ಉಂಡೆಗೆ ಮತ್ತೆ ಓಡಿತು. ಆಚೆ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಗುಂಪಿನಲ್ಲಿ ಬೀಗರ ‘ಮಾದರಿ’ ಹಾಗೇ ಇದೆ. ಅಳಿಸಿ ಅಂತ ಕೇಳಲು ಬರುತ್ತದೆಯೇ?

ನನ್ನ ಅವ್ವ ಇದ್ದಿದ್ದರೆ ಇದೇ ಯಂತ್ರ ಕೈ ಸೋಲುವಷ್ಟು ಎಣಿಸಬೇಕಿತ್ತು. ಲಿಂಗಸುಗೂರು ಕಡೆಯ ಹಳ್ಳಿ, ತುಂಬಿದ ಮನೆ, ಹೊತ್ತು ಮೂಡುವ ಮೊದಲೇ ರೊಟ್ಟಿಯ ಸಪ್ಪಳ. ನಾವು ಏಳುತ್ತಿದ್ದದ್ದೇ ಅದಕ್ಕೆ. ಆಗಿನವರು ಬಲು ಗಟ್ಟಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳಲಾರೆ. ಅವ್ವನ ಮಂಡಿ ಬೇಗನೇ ಸೋತವು, ಕೊನೆಕೊನೆಗೆ ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯುತ್ತಿದ್ದಳು. ‘ಎದ್ದು ಅಡ್ಡಾಡು’ ಅಂತ ಆಕೆಗೆ ಹೇಳಿದವರು ಯಾರೂ ಇರಲಿಲ್ಲ. ‘ಸ್ವಲ್ಪ ಕೂಡು’ ಅಂತಲೂ ಯಾರೂ ಹೇಳಲಿಲ್ಲ.

ಈಗ ಮಗಳು ಹೊಸ ಯೋಜನೆ ಹಾಕಿದ್ದಾಳೆ. ಅಮ್ಮನಿಗೂ ಒಂದು ವಾಚು ಕಳಿಸುತ್ತಾಳಂತೆ, ಇಬ್ಬರಿಗೂ ಪೈಪೋಟಿ ಇಡುತ್ತಾಳಂತೆ. ವಿಷಯ ತಿಳಿಸಿದೆ. ನಮ್ಮಾಕೆ ಹಂಚಿನಿಂದ ಕಣ್ಣು ಎತ್ತಲಿಲ್ಲ.

‘ವಾಚು ಬ್ಯಾಡ ಅನ್ರಿ. ಅದೇ ರೊಕ್ಕಕ್ಕ ಇನ್ನಷ್ಟು ಕೂಡ್ಸಿ ಒಂದು ರೊಟ್ಟಿ ಮಷೀನು ಕಳಸು ಅನ್ರಿ.’